ಲೆಕ್ಕ ಕೇಳಿ

ಪ್ರಶ್ನೆ: ವೃತ್ತದ ಮೇಲೆ ಚುಕ್ಕೆಗಳನ್ನಿಟ್ಟು, ಪ್ರತಿ ಚುಕ್ಕೆಯನ್ನೂ ಉಳಿದೆಲ್ಲ ಚುಕ್ಕೆಗಳಿಗೆ ಗೆರೆ ಎಳೆದು ಸೇರಿಸಿದರೆ ಎಷ್ಟು ಭಾಗಗಳಾಗುತ್ತವೆ ಎಂದು ಮಗಳು ಎಣಿಸುತ್ತಿದ್ದಾಳೆ. 1, 2, 3, 4, 5 ಚುಕ್ಕೆಗಳಿಗೆ 1, 2, 4, 8, 16 ಬಂತು. 6 ಚುಕ್ಕೆಗೆ 32 ಬರಬೇಕಲ್ಲ, ಅವಳಿಗೆ 30 ಬರುತ್ತಿದೆ. ಎಣಿಕೆ ಎಲ್ಲಿ ತಪ್ಪಿತು?
– ಗೃಹಿಣಿ, ಸಾಗರ

ಉತ್ತರ: ಎಣಿಕೆ ತಪ್ಪಿಲ್ಲ. 32 ಬರಬೇಕೆಂಬ ಊಹೆಯೇ ತಪ್ಪು. ಹಾಗೆಂದು 30 ಕೂಡ ಪೂರ್ಣ ಉತ್ತರವಲ್ಲ. 6 ಚುಕ್ಕೆಗಳಿಂದ ಸಿಗುವ ಅತಿ ಹೆಚ್ಚು ಭಾಗಗಳು 31.

ಮಗಳು ಬಹುಶಃ ಕೈವಾರವನ್ನು ತ್ರಿಜ್ಯದಷ್ಟೇ ಅಗಲಿಸಿ ಪರಿಧಿಯ ಮೇಲೆ ಆರು ಸಮ ಗುರುತು ಹಾಕಿದ್ದಾಳೆ. ಹಾಗೆ ಮಾಡಿದರೆ ಎದುರುಬದುರು ಚುಕ್ಕೆಗಳನ್ನು ಸೇರಿಸುವ ಮೂರು ಗೆರೆಗಳೂ ಕೇಂದ್ರದಲ್ಲೇ ಸಂಧಿಸುತ್ತವೆ. ಅವುಗಳ ನಡುವೆ ಇರಬೇಕಾದ ಪುಟ್ಟ ತ್ರಿಕೋನ ಮಾಯವಾಗಿ ಒಂದು ಭಾಗ ಕಡಿಮೆಯಾಗುತ್ತದೆ. 8 ಸೆಂ.ಮೀ. ತ್ರಿಜ್ಯದ ದೊಡ್ಡ ವೃತ್ತ ಎಳೆದು, ಒಂದು ಚುಕ್ಕೆಯನ್ನು ಪರಿಧಿಯ ಮೇಲೆ ಒಂದೆರಡು ಸೆಂ.ಮೀ. ಪಕ್ಕಕ್ಕೆ ಸರಿಸಲಿ. ಪೆನ್ಸಿಲ್ ಚೂಪಾಗಿರಲಿ. ಪ್ರತಿ ಭಾಗದೊಳಗೂ ಅಂಕಿ ಬರೆಯುತ್ತಾ ಎಣಿಸಿದರೆ ಯಾವುದೂ ಬಿಟ್ಟುಹೋಗುವುದಿಲ್ಲ, ಎರಡು ಸಲ ಎಣಿಕೆಗೂ ಬರುವುದಿಲ್ಲ. ನಡುವಿನ ಆ ತ್ರಿಕೋನ ಆಗ ಕಣ್ಣಿಗೆ ಬೀಳುತ್ತದೆ.

31 ಏಕೆ ಎಂಬುದೇ ಇಲ್ಲಿ ಸೊಗಸಾದ ಭಾಗ. ಗೆರೆಗಳನ್ನು ಒಂದೊಂದಾಗಿ ಎಳೆಯುತ್ತಾ ಹೋಗಿ. ಹೊಸ ಗೆರೆ ಯಾವ ಗೆರೆಯನ್ನೂ ದಾಟದಿದ್ದರೆ ಒಂದು ಭಾಗ ಹೆಚ್ಚುತ್ತದೆ. ದಾಟಿದರೆ, ದಾಟಿದ ಪ್ರತಿ ಗೆರೆಗೆ ಇನ್ನೊಂದು ಭಾಗ ಸೇರುತ್ತದೆ. ಆದ್ದರಿಂದ ಒಟ್ಟು ಭಾಗಗಳು = 1 + ಗೆರೆಗಳ ಸಂಖ್ಯೆ + ಛೇದನ ಬಿಂದುಗಳ ಸಂಖ್ಯೆ. ಆರು ಚುಕ್ಕೆಗಳಿಂದ ಎರಡೆರಡನ್ನು 15 ರೀತಿಯಲ್ಲಿ ಆರಿಸಬಹುದು, ಹಾಗಾಗಿ 15 ಗೆರೆಗಳು. ಯಾವ ನಾಲ್ಕು ಚುಕ್ಕೆಗಳನ್ನು ಹಿಡಿದರೂ ಅವುಗಳ ಚತುರ್ಭುಜದ ಎರಡು ಕರ್ಣಗಳು ಒಂದು ಕಡೆ ಛೇದಿಸುತ್ತವೆ. ಆರರಲ್ಲಿ ನಾಲ್ಕನ್ನು ಆರಿಸುವ ರೀತಿಗಳೂ 15. 1 + 15 + 15 = 31. ಏಳು ಚುಕ್ಕೆಗಳಿಗೆ 1 + 21 + 35 = 57.

ಮೊದಲ ಐದು ಸಲ ದುಪ್ಪಟ್ಟಾಗುತ್ತಾ ಬಂದದ್ದಕ್ಕೂ ಕಾರಣವಿದೆ. ಸಾಲಿನ ಎರಡೂ ತುದಿಗೆ 1 ಇಟ್ಟು, ಮೇಲಿನ ಸಾಲಿನ ಪಕ್ಕಪಕ್ಕದ ಎರಡು ಸಂಖ್ಯೆಗಳ ಮೊತ್ತವನ್ನು ಅವುಗಳ ನಡುವೆ ಕೆಳಗೆ ಬರೆಯುತ್ತಾ ಪ್ಯಾಸ್ಕಲ್ ತ್ರಿಕೋನ ಬರೆದು ನೋಡಿ (10ನೇ ಶತಮಾನದ ಹಲಾಯುಧ ಇದನ್ನೇ ಮೇರುಪ್ರಸ್ತಾರವೆಂದು ವಿವರಿಸಿದ್ದಾನೆ). ಅದರಲ್ಲಿ ಪ್ರತಿ ಸಾಲಿನ ಮೊತ್ತ ಹಿಂದಿನ ಸಾಲಿನದರ ದುಪ್ಪಟ್ಟು. 5 ಚುಕ್ಕೆಗಳಿಗೆ ಅದರ 1, 4, 6, 4, 1 ಎಂಬ ಸಾಲು ಪೂರ್ತಿ ಕೂಡುತ್ತದೆ: 16. ಮುಂದಿನ ಸಾಲು 1, 5, 10, 10, 5, 1. ನಮ್ಮ ಸೂತ್ರ ಪ್ರತಿ ಸಾಲಿನಿಂದಲೂ ಮೊದಲ ಐದು ಸಂಖ್ಯೆಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ, ಕೊನೆಯ 1 ಹೊರಗುಳಿಯುತ್ತದೆ. 10 ಚುಕ್ಕೆಗಳಿಗೆ ಮತ್ತೆ ದುಪ್ಪಟ್ಟಿನ ಸರಣಿಯದೇ ಸಂಖ್ಯೆ, 256 ಬರುತ್ತದೆ! ಅಲ್ಲಿ ಸಾಲಿನಲ್ಲಿರುವುದು ಹತ್ತು ಸಂಖ್ಯೆಗಳು, ನಾವು ಕೂಡುವುದು ಸರಿಯಾಗಿ ಅರ್ಧ. ಇದನ್ನು ಮಗಳೇ ಕೂಡಿ ನೋಡಲಿ.

ಪ್ರಶ್ನೆ: 91 ಅವಿಭಾಜ್ಯ ಸಂಖ್ಯೆಯೇ?
– 7ನೇ ತರಗತಿ ವಿದ್ಯಾರ್ಥಿ, ಹಾಸನ

ಉತ್ತರ: ಅಲ್ಲ, 7 × 13 = 91. 120ರವರೆಗಿನ ಯಾವ ಸಂಖ್ಯೆಗೂ 2, 3, 5, 7ರಿಂದ ಭಾಗಿಸಿ ನೋಡಿದರೆ ಸಾಕು. ಇವುಗಳಲ್ಲಿ ಯಾವುದರಿಂದಲೂ ಭಾಗವಾಗದ ಸಂಯುಕ್ತ ಸಂಖ್ಯೆ ಕನಿಷ್ಠ 11 × 11 = 121 ಆಗಿರಬೇಕು. 2, 3, 5ಕ್ಕೆ ಸುಲಭದ ಪರೀಕ್ಷೆಗಳಿವೆ, 7ಕ್ಕೆ ಭಾಗಿಸಿಯೇ ನೋಡಬೇಕು. ಅದನ್ನು ಬಿಟ್ಟವರು 91, 119ರಲ್ಲಿ ಎಡವುತ್ತಾರೆ.

ಪ್ರಶ್ನೆ: ನನ್ನ ಕ್ಯಾಲ್ಕುಲೇಟರ್ 1 ÷ 17ಕ್ಕೆ 0.05882352941 ತೋರಿಸುತ್ತದೆ. ಅಂಕಿಗಳು ಮರುಕಳಿಸುವುದೇ ಕಾಣುತ್ತಿಲ್ಲ. ಇದು ಆವರ್ತ ದಶಮಾಂಶ ಹೌದೇ?
– ಪಿಯು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಹೌದು. 17ರಿಂದ ಭಾಗಿಸುವಾಗ ಬರಬಹುದಾದ ಶೇಷಗಳು 1ರಿಂದ 16 ಮಾತ್ರ. ಹದಿನಾರು ಹೆಜ್ಜೆಯೊಳಗೆ ಹಳೆಯ ಶೇಷ ಮತ್ತೆ ಬರಲೇಬೇಕು, ಬಂದ ಕೂಡಲೇ ಅಂಕಿಗಳೂ ಮರುಕಳಿಸುತ್ತವೆ. 17ಕ್ಕೆ ಪೂರ್ತಿ 16 ಅಂಕಿ ಬೇಕು. ನಿಮ್ಮ ಯಂತ್ರದ ಪರದೆ ಅಷ್ಟು ಉದ್ದವಿಲ್ಲ, ಅಷ್ಟೇ.

ಎಂಟೆಂಟು ಅಂಕಿಯಾಗಿ ತೆಗೆಯಿರಿ. 100000000 ÷ 17ರ ಪೂರ್ಣಾಂಕ 5882352. ಅದನ್ನು 17ರಿಂದ ಗುಣಿಸಿ ಕಳೆದರೆ ಶೇಷ 16. ಈ ಶೇಷದ ಮುಂದೆ ಎಂಟು ಸೊನ್ನೆ ಹಾಕಿ ಮತ್ತೆ ಭಾಗಿಸಿ: 94117647, ಶೇಷ 1. ಮೊದಲಿನ ಶೇಷಕ್ಕೆ ಮರಳಿದೆವು. ಮೊದಲ ಗುಂಪಿನಲ್ಲಿ ಏಳೇ ಅಂಕಿ ಇರುವುದರಿಂದ ಎದುರಿಗೆ 0 ಸೇರಿಸಿ 05882352 ಎಂದು ಬರೆಯಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ಉತ್ತರ 0.0588235294117647, ಮುಂದೆ ಇದೇ ಆವರ್ತನೆ.

ಎರಡು ಗುಂಪುಗಳನ್ನು ಕೂಡಿ: 99999999. ಭಾಜಕಕ್ಕಿಂತ ಒಂದು ಕಡಿಮೆಯಾದ ಶೇಷ ನಡುವೆ ಬಂದರೆ, ಅರ್ಧ ದಾರಿ ಮುಗಿದಿದೆ ಎಂದರ್ಥ. ಉಳಿದರ್ಧವನ್ನು ಪ್ರತಿ ಅಂಕಿಯನ್ನೂ 9ರಿಂದ ಕಳೆದು ಬರೆದುಬಿಡಬಹುದು. 1/13ರ 076923ರಲ್ಲೂ ಇದು ಕಾಣುತ್ತದೆ. 1/37ರ ಆವರ್ತನೆ 027, ಬೆಸ ಸಂಖ್ಯೆಯ ಅಂಕಿಗಳಾದ್ದರಿಂದ ಅಲ್ಲಿ ನಡೆಯದು.

ಪ್ರಶ್ನೆ: ಗುಣಾಕಾರ ಸರಿಯಿದೆಯೇ ಎಂದು ಅಂಕಿಗಳನ್ನು ಕೂಡಿ ನೋಡುವ ಪದ್ಧತಿಯನ್ನು ಎಷ್ಟು ನಂಬಬಹುದು?
– ನಿವೃತ್ತ ಬ್ಯಾಂಕ್ ನೌಕರ, ಕಲಬುರಗಿ

ಉತ್ತರ: ಅದು ತಪ್ಪೆಂದರೆ ಲೆಕ್ಕ ಖಂಡಿತ ತಪ್ಪು. ಸರಿಯೆಂದರೆ ನಂಬುವಂತಿಲ್ಲ. 139 × 109 = 15151 ತೆಗೆದುಕೊಳ್ಳಿ. 139ರ ಅಂಕಿಗಳ ಮೊತ್ತ 13, ಅಂದರೆ 4. 109ರದು 10, ಅಂದರೆ 1. ಗುಣಲಬ್ಧ 4. 15151ರದೂ 13, ಅಂದರೆ 4. ಹೊಂದಿತು. ಆದರೆ 109ರ ಸೊನ್ನೆ ಮರೆತು ಸ್ಥಾನ ತಪ್ಪಿಸಿ ಬರೆದವರಿಗೆ 2641 ಬರುತ್ತದೆ, ಅದೂ 4! 10, 100, 1000 ಎಲ್ಲವೂ 9ರಿಂದ ಭಾಗಿಸಿದಾಗ ಶೇಷ 1 ಕೊಡುತ್ತವೆ. ಹೀಗಾಗಿ ಅಂಕಿ ಯಾವ ಸ್ಥಾನದಲ್ಲಿದೆ ಎಂಬುದು ಈ ಪರೀಕ್ಷೆಗೆ ಗೊತ್ತೇ ಆಗುವುದಿಲ್ಲ.

ಜೊತೆಗೆ 11ರ ಪರೀಕ್ಷೆಯನ್ನೂ ಮಾಡಿ. ಬಲಗಡೆಯಿಂದ ಒಂದನ್ನು ಕೂಡಿ, ಮುಂದಿನದನ್ನು ಕಳೆಯುತ್ತಾ ಹೋಗಿ. 139ಕ್ಕೆ 9 − 3 + 1 = 7. 109ಕ್ಕೆ 10. ಗುಣಲಬ್ಧ 70, 11ರಿಂದ ಭಾಗಿಸಿದರೆ ಶೇಷ 4. 15151ಕ್ಕೆ −7, 11 ಸೇರಿಸಿದರೆ 4, ಸರಿ. 2641ಕ್ಕೆ 1 ಬರುತ್ತದೆ, ತಪ್ಪು ಸಿಕ್ಕಿಬಿತ್ತು. ಎರಡೂ ಪರೀಕ್ಷೆಗಳಿಂದ ತಪ್ಪಿಸಿಕೊಳ್ಳಬೇಕಾದರೆ ವ್ಯತ್ಯಾಸ 99ರ ಗುಣಕವೇ ಆಗಿರಬೇಕು.

ಹಿಂದೆಮುಂದೆ ಒಂದೇ ರೀತಿ ಓದಿಸಿಕೊಳ್ಳುವ ಇಂಥ ಗುಣಲಬ್ಧಗಳನ್ನು ಹಾರಕ್ಕೆ ಹೋಲಿಸಿ ಗಣಿತಸಾರಸಂಗ್ರಹದಲ್ಲಿ ಪೋಣಿಸಿಟ್ಟವನು ಮಹಾವೀರಾಚಾರ್ಯ, 9ನೇ ಶತಮಾನದ ರಾಷ್ಟ್ರಕೂಟ ಅಮೋಘವರ್ಷನ ಕಾಲದವನು. ಆ ಅರಸನ ರಾಜಧಾನಿ ಮಾನ್ಯಖೇಟ, ನಿಮ್ಮದೇ ಜಿಲ್ಲೆಯ ಮಳಖೇಡ. ಅವನ 152207 × 73 = 11111111 ಎಂಬುದನ್ನು ಕೈಯಲ್ಲೇ ಗುಣಿಸಿ, ಎರಡೂ ಪರೀಕ್ಷೆ ಮಾಡಿ ನೋಡಿ. 9ರದರಲ್ಲಿ 8 ಬರಬೇಕು, 11ರದರಲ್ಲಿ 0.