ನೋನಿ ರಸವನ್ನು ಹಣ್ಣಿನ ರಸವೆಂದೇ ಮಾರಿ

ಪ್ರಶ್ನೆ: ಬೇಲಿ ಸಾಲಿಗೆ ಹಾಕಿದ ನೋನಿ ಗಿಡಗಳು ಈಗ ವರ್ಷವಿಡೀ ಕಾಯಿ ಬಿಡುತ್ತಿವೆ. ಹೆಂಡತಿ, ಅತ್ತಿಗೆ ಇಬ್ಬರೂ ಸೇರಿ ಮನೆಯಲ್ಲೇ ರಸ ತೆಗೆದು ಬಾಟಲಿ ಮಾಡೋಣ ಅಂತಿದ್ದಾರೆ. ಮಾರಿಕೊಡುತ್ತೇನೆಂದು ಬಂದವರೊಬ್ಬರು, ‘ಶುಗರ್, ಬಿಪಿ, ಮಂಡಿನೋವು, ಕ್ಯಾನ್ಸರ್‌ಗೆ ರಾಮಬಾಣ’ ಎಂದು ಲೇಬಲ್ಲಿನಲ್ಲಿ ಹಾಕಿಸಿ, ಇಲ್ಲದಿದ್ದರೆ ಈ ವಾಸನೆಯ ರಸವನ್ನು ಯಾರು ಕೊಳ್ಳುತ್ತಾರೆ ಎನ್ನುತ್ತಾರೆ. ರಸ ಮಾಡುವ ಕ್ರಮ ತಿಳಿಸಿ. ಹಾಗೆ ಹಾಕಿಸಬಹುದೇ?
– ಹೊನ್ನಾವರ ತಾಲ್ಲೂಕಿನ ಓದುಗರು

ಉತ್ತರ: ರಸ ಖಂಡಿತ ಮಾಡಿ. ಆ ಲೇಬಲ್ಲು ಮಾತ್ರ ಬೇಡವೇ ಬೇಡ.

ಮೊದಲು ರಸದ ಮಾತು. ನೋನಿ ನಮ್ಮ ಕಾಫಿಯ ಕುಟುಂಬದ ಗಿಡ. ಕಾಯಿ ಹಸಿರಿನಿಂದ ಹಳದಿಗೆ ತಿರುಗಿ, ಬಿಳಿಚಿಕೊಂಡು, ಇನ್ನೂ ಗಟ್ಟಿಯಿರುವಾಗಲೇ ಕೊಯ್ಯಿರಿ. ನೆರಳಿನಲ್ಲಿ ಒಂದೆರಡು ದಿನ ಇಟ್ಟರೆ ಮೆತ್ತಗಾಗಿ, ಸಿಪ್ಪೆಯೊಳಗಿನ ತಿರುಳು ಕಾಣುವಷ್ಟು ತಿಳಿಯಾಗುತ್ತದೆ. ಹಳಸಿದ ಬೆಣ್ಣೆಯಂಥ ಕಟುವಾಸನೆ ಏಳುವುದೂ ಆಗಲೇ. ಅದು ಹಣ್ಣಿನಲ್ಲೇ ಇರುವ ಆಕ್ಟನೋಯಿಕ್, ಹೆಕ್ಸನೋಯಿಕ್ ಆಮ್ಲಗಳ ವಾಸನೆ, ಹಣ್ಣು ಕೊಳೆತಿದೆ ಎಂದಲ್ಲ. ತರಬೇತಿಗೆ ಬರುವ ಹೆಂಗಸರು ಮೊದಲ ದಿನ ಸೆರಗು ಮೂಗಿಗೆ ಒತ್ತಿಕೊಂಡೇ ಕೂರುತ್ತಾರೆ, ಮೂರನೆಯ ದಿನಕ್ಕೆ ಅಭ್ಯಾಸವಾಗಿರುತ್ತದೆ. ನೆಲಕ್ಕೆ ಬಿದ್ದ ಹಣ್ಣನ್ನು ಮಾತ್ರ ಎಷ್ಟೇ ಚೆನ್ನಾಗಿ ಕಂಡರೂ ಬಳಸಬೇಡಿ.

ತೊಳೆದ ಹಣ್ಣಿನ ನೀರು ಪೂರ್ತಿ ಆರಲಿ. ಆಮೇಲೆ ಗಾಜು, ಸ್ಟೀಲು ಅಥವಾ ಆಹಾರಕ್ಕೆಂದೇ ಮಾಡಿದ ಪ್ಲಾಸ್ಟಿಕ್ ಡ್ರಮ್ಮಿಗೆ ಇಡಿಯಾಗಿ ತುಂಬಿ ಮುಚ್ಚಿ. ತಾಮ್ರ, ಕಬ್ಬಿಣ ಬೇಡ, ಹುಳಿಗೆ ಲೋಹ ಬಿಟ್ಟುಕೊಳ್ಳುತ್ತದೆ. ಹವಾಯಿ ದ್ವೀಪದವರ ರೂಢಿಯಲ್ಲಿ ಎರಡು ತಿಂಗಳೋ ಅದಕ್ಕೂ ಹೆಚ್ಚೋ ಹಾಗೇ ಬಿಡುತ್ತಾರೆ. ಹಿಂಡದೆಯೇ ರಸ ತಾನಾಗಿ ಇಳಿಯುತ್ತದೆ, ಹಣ್ಣಿನ ತೂಕದ ಹತ್ತಿರ ಹತ್ತಿರ ಅರ್ಧದಷ್ಟು. ಹುದುಗುವಾಗ ಗಾಳಿ ಕಟ್ಟುವುದರಿಂದ ಮುಚ್ಚಳಕ್ಕೊಂದು ಸಣ್ಣ ಕೊಳವೆ ಕೂರಿಸಿ, ಅದರ ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿಡಿ. ಗಾಳಿ ಹೊರಗೆ ಹೋಗುತ್ತದೆ, ನೊಣ ಒಳಗೆ ಬರುವುದಿಲ್ಲ.

ಇಷ್ಟು ಎಲ್ಲರೂ ಮಾಡುತ್ತಾರೆ. ಬಿಡುವುದು ಹುಳಿ ಎಷ್ಟಿದೆ ಎಂದು ತೋರಿಸುವ ಪಿಎಚ್ ಪರೀಕ್ಷೆಯನ್ನು. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಚೆನ್ನಾಗಿ ಇಳಿದ ರಸದ ಪಿಎಚ್ 3.5ರ ಆಸುಪಾಸು ಇರುತ್ತದೆ. 4 ದಾಟಿದ ಡ್ರಮ್ಮನ್ನು ಎಷ್ಟೇ ಹೊಟ್ಟೆ ಉರಿದರೂ ಚೆಲ್ಲಿಬಿಡಿ. ಸರಿಯಿದ್ದದ್ದನ್ನು ಬಟ್ಟೆಯಲ್ಲಿ ಸೋಸಿ, 85 ಡಿಗ್ರಿಗೆ ಕಾಯಿಸಿ, ಬಿಸಿಯಿರುವಾಗಲೇ ಕುದಿನೀರಿನಲ್ಲಿ ತೆಗೆದ ಬಾಟಲಿಗೆ ತುಂಬಿ ಮುಚ್ಚಿ. ಕಾಯಿಸದೆ ತುಂಬಿದ ಬಾಟಲಿ ಅಂಗಡಿಯ ಶೆಲ್ಫಿನಲ್ಲೇ ಹುದುಗಿ ಮುಚ್ಚಳ ಹಾರಿಸುತ್ತದೆ. ಮಾರುವ ಮುಂಚೆ ಒಂದು ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ, ಆಲ್ಕೋಹಾಲ್ ಅಂಶವನ್ನೂ ನೋಡಿಸಿ.

ಈಗ ಆ ‘ರಾಮಬಾಣ’ದ ಮಾತು. ಕೃಷಿಮೇಳವೊಂದರಲ್ಲಿ ನಮ್ಮ ತರಬೇತಿ ಮಳಿಗೆಯ ಎದುರಿಗೇ ನೋನಿಯ ಮಳಿಗೆಯಿತ್ತು. ಹಿಂದೆ ರೋಗಗಳ ಉದ್ದ ಪಟ್ಟಿಯ ಬ್ಯಾನರ್. ಹಳ್ಳಿಯಿಂದ ಬಂದಿದ್ದ ವಯಸ್ಸಾದ ಅಮ್ಮ ಒಬ್ಬರು ಬಾಟಲಿ ಕೊಂಡರು. ಎಲೆಅಡಿಕೆ ಚೀಲದಿಂದ ಶುಗರ್ ಮಾತ್ರೆಯ ಹಾಳೆ ತೆಗೆದು, ‘ಇನ್ನು ಇದು ಬಿಡಬಹುದಾ ಮಗಾ?’ ಎಂದು ಕೇಳಿದರು. ಕೌಂಟರಿನ ಹುಡುಗ, ‘ನಿಧಾನಕ್ಕೆ ಬಿಡಿ ಅಮ್ಮಾ’ ಅಂದ. ನಾನು ಎದ್ದು ಹೋಗಿ ಅವರ ಪಕ್ಕ ಕೂತು, ಡಾಕ್ಟರು ಹೇಳದೆ ಒಂದು ಮಾತ್ರೆಯನ್ನೂ ಬಿಡಬೇಡಿ ಎಂದು ಬಿಡಿಸಿ ಹೇಳಿದೆ. ನಿಮ್ಮ ಲೇಬಲ್ಲನ್ನು ಓದುವವರು ಇಂಥವರು. ‘ಜಾಹೀರಾತು ಅಂದಮೇಲೆ ಸ್ವಲ್ಪ ಜಾಸ್ತಿ ಹೇಳುತ್ತಾರಪ್ಪ’ ಎಂದು ಅವರು ಓದುವುದಿಲ್ಲ. ಅಚ್ಚಾದದ್ದನ್ನು ನಂಬುತ್ತಾರೆ.

ಈ ಪಟ್ಟಿ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಹವಾಯಿ, ತಾಹಿತಿ ದ್ವೀಪದವರು ನೋನಿಯನ್ನು ಔಷಧಿಗೆ ಬಳಸಿದ್ದು ನಿಜ. ಹೆಚ್ಚಾಗಿ ಅದು ಮೈಮೇಲೆ ಹಚ್ಚುವ ಔಷಧಿ, ಕುರು, ಗಾಯಗಳಿಗೆ ಎಲೆ ಹಣ್ಣು ಅರೆದು ಕಟ್ಟುವುದು. ದಿನಕ್ಕಿಷ್ಟು ಔನ್ಸ್ ಕುಡಿಯಿರಿ ಎನ್ನುವ ವ್ಯಾಪಾರ ಬೆಳೆದದ್ದು 1990ರ ದಶಕದಲ್ಲಿ. ಅದಕ್ಕೆ ಮೊದಲು, 1985ರಲ್ಲಿ, ಹವಾಯಿಯ ಜೀವರಸಾಯನಶಾಸ್ತ್ರಜ್ಞ ರಾಲ್ಫ್ ಹೈನಿಕೆ ನೋನಿಯ ಗುಣಕ್ಕೆಲ್ಲ ‘ಜೆರೋನಿನ್’ ಎಂಬ ವಸ್ತು ಕಾರಣವೆಂದು ಬರೆದಿದ್ದರು. ಆ ಜೆರೋನಿನ್‌ನ ರಾಸಾಯನಿಕ ರಚನೆ ಇಂಥದ್ದು ಎಂದು ಇಂದಿಗೂ ಯಾವ ವಿಜ್ಞಾನ ಪತ್ರಿಕೆಯಲ್ಲೂ ಬಂದಿಲ್ಲ. ಕರಪತ್ರಗಳಲ್ಲಿ ಮಾತ್ರ ಇನ್ನೂ ಬರುತ್ತಿದೆ. ಹವಾಯಿ ವಿಶ್ವವಿದ್ಯಾಲಯದವರೇ ಮುಂದುವರಿದ ಕ್ಯಾನ್ಸರಿನ ರೋಗಿಗಳಿಗೆ ನೋನಿ ಹಣ್ಣಿನ ಕ್ಯಾಪ್ಸೂಲ್ ಕೊಟ್ಟು ನೋಡಿದರು, ಗಡ್ಡೆ ಕುಗ್ಗಿದ್ದು ಕಾಣಲಿಲ್ಲ. ಯುರೋಪಿನ ಆಹಾರ ವಿಜ್ಞಾನ ಸಮಿತಿ 2002ರಲ್ಲಿ ಕಡತವೆಲ್ಲ ನೋಡಿ, ಬೇರೆ ಹಣ್ಣಿನ ರಸಗಳಿಗಿಲ್ಲದ ವಿಶೇಷ ಆರೋಗ್ಯ ಲಾಭ ಇದಕ್ಕಿದೆ ಎನ್ನಲು ಆಧಾರವಿಲ್ಲ ಎಂದಿತು. ಮರುವರ್ಷ ಹಣ್ಣಿನ ಪಾನೀಯದಲ್ಲಿ ಬಳಸಲು ಅಲ್ಲಿ ಅನುಮತಿಯೂ ಸಿಕ್ಕಿತು. ನೀವೂ ಅದೇ ಸಾಲಿನಲ್ಲಿ ನಿಲ್ಲಿ: ಇದು ಹಣ್ಣಿನ ರಸ.

ಕಾನೂನೂ ಇದೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ 1954ರದ್ದು. ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಕ್ತದೊತ್ತಡ ವಾಸಿಮಾಡುತ್ತೇನೆಂದು ಜಾಹೀರಾತು ಕೊಡುವುದನ್ನು ಅದು ತಡೆಯುತ್ತದೆ. ಬಾಟಲಿಯ ಲೇಬಲ್ಲೂ ಅದರ ಲೆಕ್ಕದಲ್ಲಿ ಜಾಹೀರಾತೇ. ಆಹಾರ ಸುರಕ್ಷತಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ. ಕೇಸು ಬೀಳುವುದು ಬಾಟಲಿ ತುಂಬಿದ ನಿಮ್ಮ ಮನೆಯವರ ಹೆಸರಿಗೆ, ಸಲಹೆ ಕೊಟ್ಟವರು ಆಗ ಸಿಗುವುದಿಲ್ಲ.

ಹಾಗಾದರೆ ಹೇಗೆ ಮಾರುವುದು? ನಿಮ್ಮಲ್ಲಿ ಮುರುಗಲು ಧಾರಾಳ. ಮುರುಗಲು ರಸ, ಶುಂಠಿ ಸೇರಿಸಿದರೆ ನೋನಿಯ ವಾಸನೆ ಬಹಳ ಮಟ್ಟಿಗೆ ಅಡಗುತ್ತದೆ. ಮಕ್ಕಳೂ ಕುಡಿದು ಇನ್ನೊಂದು ಲೋಟ ಕೇಳಿದ್ದನ್ನು ನೋಡಿದ್ದೇನೆ. ಸಕ್ಕರೆ ಹಾಕಿದರೆ ಎಷ್ಟೆಂದು ಬರೆಯಿರಿ. ತೋಟದ ಊರು, ಕೊಯ್ದ ತಿಂಗಳು, ಬಾಟಲಿ ತುಂಬಿದ ದಿನಾಂಕ ಹಾಕಿ. ಊರಿನ ಹೆಸರು ನೋಡಿ ಕೊಳ್ಳುವವರು ಈಗ ಪೇಟೆಯಲ್ಲಿ ಬೇಕಾದಷ್ಟಿದ್ದಾರೆ.

ಪ್ರಶ್ನೆ: ಮಾವನವರಿಗೆ ಕಿಡ್ನಿ ತೊಂದರೆ. ನೆಂಟರೊಬ್ಬರು ನೋನಿ ತಂದುಕೊಟ್ಟು ದಿನಾ ಎರಡು ಹೊತ್ತು ಕುಡಿಸಿ ಎಂದಿದ್ದಾರೆ. ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲ ಅಂತಾರೆ. ಬೇಡವೆಂದರೆ ಮಾವನವರಿಗೆ ಬೇಸರ. ಕುಡಿಸಬಹುದೇ?
– ದಾವಣಗೆರೆಯ ಓದುಗರು

ಉತ್ತರ: ಇವತ್ತೇ ನಿಲ್ಲಿಸಿ. ನೋನಿಯಲ್ಲಿ ಪೊಟ್ಯಾಸಿಯಂ ಹೆಚ್ಚು. ಒಂದು ಲೀಟರಿನಲ್ಲಿ ಸುಮಾರು 2.2 ಗ್ರಾಂ ಇದ್ದದ್ದನ್ನು ಅಳೆದಿದ್ದಾರೆ, ಅಂದರೆ ಕಿತ್ತಳೆ, ಟೊಮೆಟೊ ರಸದಲ್ಲಿರುವಷ್ಟು. ಆರೋಗ್ಯವಂತರ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಸೋತ ಕಿಡ್ನಿಗೆ ಆಗುವುದಿಲ್ಲ. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಊಟದಲ್ಲಿ ಪಥ್ಯ ಸರಿಯಾಗಿ ಮಾಡುತ್ತಿದ್ದೇನೆಂದ ಕಿಡ್ನಿ ರೋಗಿಯೊಬ್ಬರಲ್ಲಿ ಪೊಟ್ಯಾಸಿಯಂ ಏರಿದ್ದಕ್ಕೆ ಕಾರಣ ಹುಡುಕುತ್ತ ಹೋಗಿ ನೋನಿ ಸಿಕ್ಕ ವರದಿ 2000ದಲ್ಲೇ ಅಮೆರಿಕದ ಕಿಡ್ನಿ ವೈದ್ಯರ ಪತ್ರಿಕೆಯಲ್ಲಿ ಬಂದಿದೆ.

ಲಿವರ್ ವಿಷಯದಲ್ಲಿ ಗಾಬರಿ ಹುಟ್ಟಿಸುವುದಿಲ್ಲ, ಇದ್ದದ್ದು ಹೇಳುತ್ತೇನೆ. 2005ರಲ್ಲಿ ಆಸ್ಟ್ರಿಯಾದ ವೈದ್ಯರು ನೋನಿ ಕುಡಿದವರಲ್ಲಿ ಲಿವರ್ ಕೆಟ್ಟ ಪ್ರಕರಣಗಳನ್ನು ವರದಿ ಮಾಡಿದರು. ಮರುವರ್ಷ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಪರಿಶೀಲಿಸಿ, ನೋನಿಯೇ ಕಾರಣವೆನ್ನಲು ಬಲವಾದ ಆಧಾರವಿಲ್ಲ ಎಂದಿತು. ಆದರೂ ಲಿವರ್ ತೊಂದರೆ ಇದ್ದವರು, ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಕುಡಿಯಬಾರದು.

ಮಾವನವರಿಗೆ ನೀವು ಬೇಡವೆನ್ನಬೇಡಿ, ಅದನ್ನು ಕಿಡ್ನಿ ಡಾಕ್ಟರು ಹೇಳಲಿ. ಮುಂದಿನ ಭೇಟಿಯವರೆಗೆ ಕಾಯದೆ, ಬಾಟಲಿಯನ್ನೇ ಚೀಲದಲ್ಲಿ ಹಾಕಿಕೊಂಡು ಅವರನ್ನೂ ಕರೆದುಕೊಂಡು ಹೋಗಿ. ಎಷ್ಟು ದಿನ ಎಷ್ಟು ಕುಡಿದರೆಂದು ಹೇಳಿ, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ನೆಂಟರ ಮುಂದೆ ‘ಡಾಕ್ಟರು ಬಿಡಿಸಿದರು’ ಎಂದರೆ ಯಾರ ಮನಸ್ಸೂ ಕೆಡುವುದಿಲ್ಲ.

ಪ್ರಶ್ನೆ: ಗೆಳೆಯನೊಬ್ಬ ನೋನಿ ಕಂಪನಿಗೆ ಸೇರು, ಕೆಳಗೆ ಜನ ಸೇರಿಸಿದಷ್ಟೂ ಆದಾಯ ಎನ್ನುತ್ತಾನೆ. ಸೇರಬಹುದೇ?
– ಬೆಂಗಳೂರಿನ ಓದುಗರು

ಉತ್ತರ: ಜನ ಸೇರಿಸಿದ್ದಕ್ಕೇ ಹಣ ಬರುವುದಾದರೆ ಸೇರಬೇಡಿ. ಇಂಥ ಪಿರಮಿಡ್ ಯೋಜನೆಗಳನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ. ರಸ ಮಾರಿದ ಕಮಿಷನ್ ಮಾತ್ರ ಎಂದರೂ ಒಂದು ಹಳೆಯ ಪ್ರಕರಣ ತಿಳಿದಿರಲಿ. ತಾಹಿತಿಯ ನೋನಿಯನ್ನು ಜಾಲ ಮಾರಾಟದಿಂದ ಜಗತ್ತಿಗೆ ಹರಡಿದ ಅಮೆರಿಕದ ಮೊರಿಂಡಾ ಕಂಪನಿಯ ಮೇಲೆ, ಸಕ್ಕರೆ ಕಾಯಿಲೆ, ಖಿನ್ನತೆ, ಸಂಧಿವಾತಕ್ಕೆ ಔಷಧಿ ಎಂದು ಆಧಾರವಿಲ್ಲದೆ ಹೇಳಿದ್ದಕ್ಕಾಗಿ 1998ರಲ್ಲಿ ಅಲ್ಲಿನ ನಾಲ್ಕು ರಾಜ್ಯಗಳು ಕ್ರಮ ಕೈಗೊಂಡವು. ಕಂಪನಿ ಗ್ರಾಹಕರಿಗೆ ಹಣ ವಾಪಸು ಕೊಡಲು ಒಪ್ಪಿತು, ತನಿಖೆಯ ಖರ್ಚೆಂದು ಒಂದು ಲಕ್ಷ ಡಾಲರ್ ಕಟ್ಟಿತು. ರೋಗದ ಹೆಸರು ಹೇಳದೆ ಬೆಲೆ ಹೇಳಿ ಮಾರಲು ನಿಮ್ಮ ಗೆಳೆಯನಿಗೆ ಸಾಧ್ಯವೇ, ಕೇಳಿ ನೋಡಿ. ಈಗಾಗಲೇ ದುಡ್ಡು ಕಟ್ಟಿದ್ದರೆ ರಸೀದಿ, ಕರಪತ್ರ, ವಾಟ್ಸಾಪ್ ಸಂದೇಶಗಳನ್ನು ಜೋಪಾನವಾಗಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.