ಮನೆಯ ಕಂಪ್ಯೂಟರಿನಿಂದ ಸ್ಪೈವೇರ್ ತೆಗೆಯಲು ಯಾವ ತಂತ್ರಾಂಶ ಕೊಳ್ಳಬೇಕು?

ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಬ್ರೌಸರಿನ ಹುಡುಕಾಟದ ಪುಟ ತಾನಾಗಿಯೇ ಬದಲಾಗಿದೆ, ಪರದೆಯ ಮೂಲೆಯಲ್ಲಿ ಸ್ಪೈವೇರ್ (ಗುಟ್ಟಾಗಿ ಮಾಹಿತಿ ಕದಿಯುವ ತಂತ್ರಾಂಶ) ಸಿಕ್ಕಿದೆಯೆಂಬ ಎಚ್ಚರಿಕೆ ಮೇಲಿಂದ ಮೇಲೆ ಬರುತ್ತಿದೆ, ಒತ್ತಿದರೆ ಹಣ ಕಟ್ಟಿ ತಂತ್ರಾಂಶ ಕೊಳ್ಳಲು ಹೇಳುತ್ತಿದೆ ಎಂದು ಬರೆದಿದ್ದೀರಿ. ಅದನ್ನೇ ಕೊಳ್ಳಬೇಕೋ ಬೇರೆಯದನ್ನೋ ಎಂಬುದು ನಿಮ್ಮ ಪ್ರಶ್ನೆ. ದಯವಿಟ್ಟು ಅದನ್ನು ಕೊಳ್ಳಬೇಡಿ. ಸದ್ಯಕ್ಕೆ ಬೇರೆ ಯಾವುದನ್ನೂ ಕೊಳ್ಳುವ ಅಗತ್ಯವಿಲ್ಲ. ಬಂಧುಗಳ, ನೆರೆಹೊರೆಯವರ ಕಂಪ್ಯೂಟರುಗಳಿಗೆ ಅಂಟಿದ ಇಂಥ ಕಾಟವನ್ನು ಬಿಡಿಸಿಕೊಡುವ ಕೆಲಸವನ್ನು ಬಹಳ ಕಾಲದಿಂದ ಮಾಡುತ್ತ ಬಂದಿದ್ದೇನೆ. ನಾನು ಅನುಸರಿಸುವ ಕ್ರಮವನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಆ ಎಚ್ಚರಿಕೆಯ ವಿಚಾರ. ಹೆದರಿಸಿ ಹಣ ಕೀಳುವ ಈ ದಂಧೆ ಹಳೆಯದು. ವಿನ್‌ಫಿಕ್ಸರ್, ಎಕ್ಸ್‌ಪಿ ಆಂಟಿವೈರಸ್ ಮುಂತಾದ ಹೆಸರುಗಳಲ್ಲಿ ಸುಳ್ಳು ತಪಾಸಣೆ ತೋರಿಸಿ, ಇಲ್ಲದ ರೋಗಕ್ಕೆ ಮದ್ದು ಮಾರುತ್ತಿದ್ದವರ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರಲ್ಲಿ ಮೊಕದ್ದಮೆ ಹೂಡಿತ್ತು. 2012ರಲ್ಲಿ ನ್ಯಾಯಾಲಯ 16 ಕೋಟಿ ಡಾಲರಿಗೂ ಮಿಕ್ಕಿದ ಮೊತ್ತ ಕಟ್ಟುವಂತೆ ಆದೇಶಿಸಿತು. ಈಗ ಅದೇ ದಂಧೆ ಬ್ರೌಸರಿನ ನೋಟಿಫಿಕೇಶನ್ ಮೂಲಕ ನಡೆಯುತ್ತಿದೆ. ಯಾವುದೋ ಜಾಲತಾಣ, ವಿಡಿಯೊ ನೋಡಬೇಕಾದರೆ ‘ಅಲೋ’ ಒತ್ತಿ ಎಂದಾಗ ಒತ್ತಿದ್ದರೆ, ಆ ತಾಣ ಅಂದಿನಿಂದ ನಿಮ್ಮ ಪರದೆಯ ಮೂಲೆಯಲ್ಲಿ ತನಗೆ ಬೇಕಾದ್ದನ್ನು ತೋರಿಸಬಲ್ಲದು. ಮುಂದಿನ ಸಲ ಎಚ್ಚರಿಕೆ ಬಂದಾಗ ಒತ್ತದೆ ಸುಮ್ಮನೆ ಓದಿ ನೋಡಿ: ಅಕ್ಷರಗಳ ಆಸುಪಾಸಿನಲ್ಲಿ ಬ್ರೌಸರಿನ ಹೆಸರೂ ಅಪರಿಚಿತ ಜಾಲತಾಣವೊಂದರ ವಿಳಾಸವೂ ಸಣ್ಣದಾಗಿ ಕಾಣುತ್ತಿದ್ದರೆ ಅದು ಸ್ಪೈವೇರ್ ಕೂಡ ಅಲ್ಲ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಪಟ್ಟಿಯನ್ನು ತೆರೆದು ಆ ವಿಳಾಸವನ್ನು ತೆಗೆದುಹಾಕಿದರೆ ಎಚ್ಚರಿಕೆ ನಿಂತುಹೋಗುತ್ತದೆ.

ಹುಡುಕಾಟದ ಪುಟ ಬದಲಾಗಿರುವುದು ಮಾತ್ರ ಬೇರೆಯೇ ಸಂಗತಿ. ಅದಕ್ಕೆ ತಪಾಸಣೆ ಬೇಕು. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕಾಗುವುದೇ ಎಂದು ಹಲವರು ಅನುಮಾನಿಸುತ್ತಾರೆ. ಅದು ಹುಟ್ಟಿದ್ದೇ ಸ್ಪೈವೇರ್ ತೆಗೆಯುವ ತಂತ್ರಾಂಶವಾಗಿ: ಮೈಕ್ರೋಸಾಫ್ಟ್ 2004ರ ಕೊನೆಯಲ್ಲಿ ಜೈಂಟ್ ಎಂಬ ಕಂಪನಿಯನ್ನು ಕೊಂಡು, ಅದರ ತಂತ್ರಾಂಶವನ್ನೇ ಬೆಳೆಸಿ ಡಿಫೆಂಡರ್ ಮಾಡಿತು, 2012ರ ವಿಂಡೋಸ್ 8ರಿಂದ ಅದು ಪೂರ್ಣ ಪ್ರಮಾಣದ ಆಂಟಿವೈರಸ್ ಆಗಿದೆ. ವಿಂಡೋಸ್ ಸೆಕ್ಯೂರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಎಂಬುದೊಂದಿದೆ. ಅದನ್ನೇ ಆರಿಸಿಕೊಳ್ಳಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವುದಕ್ಕೆ ಮುಂಚೆಯೇ ಸುಮಾರು 15 ನಿಮಿಷ ತಪಾಸಣೆ ನಡೆಯುತ್ತದೆ. ಸಾಮಾನ್ಯ ತಪಾಸಣೆಯ ವೇಳೆ ಸ್ಪೈವೇರ್ ತಾನೂ ಎಚ್ಚರವಾಗಿದ್ದು ತನ್ನ ಫೈಲುಗಳನ್ನು ಮರೆಮಾಡಬಲ್ಲದು. ಇಲ್ಲಿ ಅದಕ್ಕೆ ಆ ಅವಕಾಶ ಸಿಗುವುದಿಲ್ಲ. ಅದಾದ ಮೇಲೆ ಇನ್ನೊಂದು ಕಣ್ಣಿನಿಂದ ನೋಡಿಸಬೇಕೆನಿಸಿದರೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿಯನ್ನು ಅವರದೇ ಜಾಲತಾಣದಿಂದ ಇಳಿಸಿಕೊಳ್ಳಿ. ಸದಾಕಾಲ ಕಾವಲು ಕಾಯುವ ಎರಡು ಆಂಟಿವೈರಸ್‌ಗಳನ್ನು ಮಾತ್ರ ಒಟ್ಟಿಗೆ ಇಟ್ಟುಕೊಳ್ಳಬೇಡಿ. ಅವು ಒಂದಕ್ಕೊಂದು ಅಡ್ಡಬರುತ್ತವೆ.

ಇನ್ನು, ತಪಾಸಣೆಯಲ್ಲಿ ‘ಏನೂ ಸಿಗಲಿಲ್ಲ’ ಎಂದು ಬಂದರೆ ನಂಬಿ ಕೈತೊಳೆದುಕೊಳ್ಳಬೇಡಿ. ಒಮ್ಮೆ ಬಂಧುಗಳ ಕಂಪ್ಯೂಟರಿನಲ್ಲಿ ತಪಾಸಣೆ ಕ್ಷಣಮಾತ್ರದಲ್ಲಿ ಮುಗಿದು ಎಲ್ಲವೂ ಸರಿಯಿದೆ ಎಂಬ ಹಸಿರು ಗುರುತು ಬಂತು. ಅಷ್ಟು ಬೇಗ ಮುಗಿದದ್ದೇ ನನಗೆ ಸಂಶಯ ಹುಟ್ಟಿಸಿತು. ಡಿಫೆಂಡರಿನ ಮ್ಯಾನೇಜ್ ಸೆಟ್ಟಿಂಗ್ಸ್‌ನ ಕೆಳತುದಿಯಲ್ಲಿ ಎಕ್ಸ್‌ಕ್ಲೂಷನ್ಸ್ ಎಂಬ ಪಟ್ಟಿಯಿದೆ. ತಪಾಸಣೆಯಿಂದ ಬಿಟ್ಟುಬಿಡಬೇಕಾದ ಫೋಲ್ಡರುಗಳನ್ನು ಅಲ್ಲಿ ಬರೆಯಲಾಗುತ್ತದೆ. ಆ ಕಂಪ್ಯೂಟರಿನಲ್ಲಿ ಇಡೀ ಸಿ ಡ್ರೈವ್ ಆ ಪಟ್ಟಿಯಲ್ಲಿತ್ತು. ಕಳ್ಳ ಪ್ರತಿಯ ತಂತ್ರಾಂಶವೊಂದನ್ನು ಹಾಕಿಕೊಳ್ಳುವಾಗ ಅಡ್ಮಿನಿಸ್ಟ್ರೇಟರ್ ಅನುಮತಿಗೆ ‘ಎಸ್’ ಒತ್ತಿದ್ದರು, ಅದು ಮೊದಲು ಮಾಡಿದ್ದೇ ಈ ಕೆಲಸ. ಆ ಸಾಲನ್ನು ಅಳಿಸಿ ಮತ್ತೆ ತಪಾಸಣೆ ಮಾಡಿದಾಗ ಒಳಗಿದ್ದದ್ದು ಹೊರಬಿತ್ತು.

ಹಾಗೆಯೇ ಬ್ರೌಸರಿನ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಪಟ್ಟಿಯನ್ನು ನೋಡಿ, ನೀವು ಹಾಕಿಕೊಂಡ ನೆನಪಿಲ್ಲದ್ದನ್ನೆಲ್ಲ ತೆಗೆಯಿರಿ. ತೆಗೆಯಲು ಬಿಡದ ಎಕ್ಸ್‌ಟೆನ್ಶನ್ ಇದ್ದು, ಕ್ರೋಮ್‌ನ ಮೆನುವಿನ ತಳದಲ್ಲಿ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಸಾಲು ಕಂಡರೆ, ಮನೆಯ ಕಂಪ್ಯೂಟರಿನ ಮಟ್ಟಿಗೆ ಅದು ಸಂದೇಹಾಸ್ಪದವೇ. ಕಚೇರಿಗಳಿಗೆಂದು ಇರುವ ಸೌಲಭ್ಯವನ್ನು ಬಳಸಿಕೊಂಡು ಏನೋ ಬೇರೂರಿದೆ ಎಂದರ್ಥ. ಕೆಲವು ಆಂಟಿವೈರಸ್‌ಗಳೂ ಈ ಸಾಲು ಬರುವಂತೆ ಮಾಡುತ್ತವೆ, ಆದ್ದರಿಂದ ತೀರ್ಮಾನಕ್ಕೆ ಬರುವ ಮುನ್ನ ಅದನ್ನೂ ಗಮನಿಸಿ. ನಿಮ್ಮ ಇಂಟರ್ನೆಟ್ ಸಂಪರ್ಕವನ್ನು ಬೇರೊಂದು ಕಂಪ್ಯೂಟರಿನ ಮೂಲಕ ಹಾಯಿಸುವ ಪ್ರಾಕ್ಸಿ ಸೆಟ್ಟಿಂಗ್‌ನಲ್ಲಿ ನೀವು ಹಾಕದ ವಿಳಾಸವಿದ್ದರೆ ಅಳಿಸಿ.

ಇಷ್ಟೆಲ್ಲ ಮಾಡಿದರೂ ಒಂದು ಕೆಲಸವನ್ನು ಯಾವ ತಂತ್ರಾಂಶವೂ ಮಾಡಿಕೊಡಲಾರದು. ಜನ ಮರೆಯುವುದೂ ಅದನ್ನೇ. ಸ್ಪೈವೇರನ್ನು ತೆಗೆದರೂ ಅದು ಆಗಲೇ ಕದ್ದು ಕಳಿಸಿದ್ದು ಹಿಂದಿರುಗಿ ಬರುವುದಿಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳಷ್ಟೇ ಅಲ್ಲ, ಲಾಗಿನ್ ಆಗಿರುವುದನ್ನು ನೆನಪಿಟ್ಟುಕೊಳ್ಳುವ ಕುಕೀಗಳನ್ನೂ ಇವು ಕದಿಯುತ್ತವೆ. ಕುಕೀ ಸಿಕ್ಕರೆ ಪಾಸ್‌ವರ್ಡೂ ಒಟಿಪಿಯೂ ಇಲ್ಲದೆ ನಿಮ್ಮ ಖಾತೆಯೊಳಕ್ಕೆ ಬರಬಹುದು. ಆದ್ದರಿಂದ ಸೋಂಕಿಲ್ಲದ ಬೇರೊಂದು ಸಾಧನದಿಂದ ಮೊದಲು ಇಮೇಲ್, ಅನಂತರ ಬ್ಯಾಂಕ್, ಆಮೇಲೆ ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸಿ, ಪ್ರತಿಯೊಂದರಲ್ಲೂ ಎಲ್ಲ ಸಾಧನಗಳಿಂದ ಸೈನ್ ಔಟ್ ಆಗುವ ಆಯ್ಕೆಯನ್ನು ಬಳಸಿ. ಇಮೇಲ್ ಮೊದಲಾಗಬೇಕು, ಏಕೆಂದರೆ ಮಿಕ್ಕ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದು ಅಲ್ಲಿಗೇ.

ತೆಗೆದದ್ದು ರೀಸ್ಟಾರ್ಟ್ ಆದೊಡನೆ ಮತ್ತೆ ಕಾಣಿಸಿಕೊಳ್ಳುತ್ತಿದ್ದರೆ ದಿನಗಟ್ಟಲೆ ಹೋರಾಡಬೇಡಿ. ಚಿತ್ರ, ದಾಖಲೆಗಳನ್ನು ಮಾತ್ರ ನಕಲು ಮಾಡಿಕೊಂಡು, ಇನ್‌ಸ್ಟಾಲ್ ಮಾಡುವ ಫೈಲುಗಳನ್ನು ಬಿಟ್ಟು, ‘ರಿಮೂವ್ ಎವ್ರಿಥಿಂಗ್’ ಆಯ್ಕೆಯೊಂದಿಗೆ ವಿಂಡೋಸನ್ನು ಹೊಸದಾಗಿ ಹಾಕಿಕೊಳ್ಳಿ. ಆ ಎಚ್ಚರಿಕೆಯ ಪುಟದಲ್ಲಿ ನೀವು ಈಗಾಗಲೇ ಕಾರ್ಡಿನ ವಿವರ ತುಂಬಿದ್ದರೆ, ಇದೆಲ್ಲಕ್ಕೂ ಮೊದಲು ಬ್ಯಾಂಕಿಗೆ ಕರೆ ಮಾಡಿ ಕಾರ್ಡನ್ನು ಬ್ಲಾಕ್ ಮಾಡಿಸಿ. ಕರೆ ಮಾಡುವ ಸಂಖ್ಯೆಯನ್ನು ಕಾರ್ಡಿನ ಹಿಂಬದಿಯಿಂದಲೇ ನೋಡಿಕೊಳ್ಳಿ, ಆ ಕಂಪ್ಯೂಟರಿನಲ್ಲಿ ಹುಡುಕಬೇಡಿ.