ಹೋಗಿ ಬದುಕಿದ್ದು ಬೇರೆ, ಕೂಡಿಹಾಕಿದ್ದು ಬೇರೆ

ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಈಕ್ವೆಡಾರ್ ಕಾಡಿನ ವಾವೊರಾನಿ ಜನರ ಬಗ್ಗೆ ನಿಮ್ಮ ಲೇಖನ ಓದಿದೆ. ಸತ್ತ ಐದು ಜನ ಮಿಷನರಿಗಳನ್ನ ತ್ಯಾಗಿಗಳು ಅಂದಿದ್ದೀರಿ. ಅವರು ಹೋಗಿದ್ದು ಮತಾಂತರಕ್ಕೆ, ಅವರ ಹಿಂದೇನೇ ಆಯಿಲ್ ಕಂಪನಿ ಬಂತು, ಅದನ್ನ ಯಾಕೆ ಬಿಟ್ರಿ? ಇವತ್ತಿಗೂ ಹೊರಗೆ ಬರದ ಗುಂಪು ಅಲ್ಲಿದೆಯಂತೆ, ಅವರ ಹತ್ರ ಔಷಧಿ ತಗೊಂಡಾದ್ರೂ ಯಾರಾದ್ರೂ ಹೋಗಬೇಕೋ ಬೇಡವೋ?"

ಮೇಡಂ, ನಿಮ್ಮ ಸಿಟ್ಟಲ್ಲಿ ನ್ಯಾಯ ಇದೆ, ಆದ್ರೆ ಪೂರ್ತಿ ಒಪ್ಪೋಕೆ ಆಗ್ತಿಲ್ಲ. 1956ರ ಜನವರಿ 8ಕ್ಕೆ ಕುರಾರೈ ನದಿಯ ಮರಳದಂಡೆಲಿ ಜಿಮ್ ಎಲಿಯಟ್, ನೇಟ್ ಸೇಂಟ್ ಮತ್ತೆ ಅವರ ಮೂರು ಜನ ಜೊತೆಗಾರರನ್ನ ವಾವೊರಾನಿಗಳು ಈಟಿಯಿಂದ ಚುಚ್ಚಿ ಕೊಂದ್ರು. ಅದಕ್ಕೆ ಮುಂಚೆ ಕೆಲವು ತಿಂಗಳು ಇವರು ಸಣ್ಣ ವಿಮಾನ ಸುತ್ತು ಹಾಕಿಸ್ತಾ ಹಗ್ಗದಲ್ಲಿ ಬಕೆಟ್ ಇಳಿಬಿಟ್ಟು ಪಾತ್ರೆ, ಮಚ್ಚು ಎಲ್ಲ ಕೊಡ್ತಿದ್ರು, ಕೆಳಗಿನವರು ಅದೇ ಹಗ್ಗಕ್ಕೆ ಗಿಳಿ ಕಟ್ಟಿ ಕಳಿಸಿದ್ದೂ ಉಂಟು. ಇವರ ಹತ್ರ ಬಂದೂಕು ಇತ್ತು, ಆದ್ರೆ ಆ ಜನರ ಮೇಲೆ ಹಾರಿಸಬಾರದು ಅಂತ ಮೊದಲೇ ಮಾತಾಡಿಕೊಂಡಿದ್ರು. ಅದನ್ನ ತ್ಯಾಗ ಅಂದಿದ್ದನ್ನ ನಾನು ವಾಪಸ್ ತಗೊಳಲ್ಲ.

ಆದ್ರೆ ನನ್ನ ಮಟ್ಟಿಗೆ ದೊಡ್ಡ ಕಥೆ ಆಮೇಲಿಂದು. ದಯೂಮಾ ಅಂತ ಒಬ್ಬ ವಾವೊರಾನಿ ಹೆಂಗಸು, ಕಾಡಲ್ಲಿ ನಡೀತಿದ್ದ ಕೊಲೆಗಳಿಗೆ ಹೆದರಿ ತಪ್ಪಿಸ್ಕೊಂಡು ಬಂದು ಒಂದು ಎಸ್ಟೇಟಲ್ಲಿ ಕೆಲಸಕ್ಕಿದ್ಲು. ನೇಟ್ ಸೇಂಟ್ ಅಕ್ಕ ರೇಚಲ್ ಆಕೆ ಹತ್ರ ಕೂತು ಭಾಷೆ ಕಲಿತ್ರು. 1958ರ ಅಕ್ಟೋಬರಲ್ಲಿ ರೇಚಲ್, ಜಿಮ್ ಹೆಂಡತಿ ಎಲಿಜಬೆತ್, ಆಕೆಯ ಮೂರು ವರ್ಷದ ಮಗಳು, ಮೂರೂ ಜನ ದಯೂಮಾ ಜೊತೆ ಆ ಕಾಡಿಗೆ ಹೋಗಿ ಬಿಡಾರ ಹೂಡಿದ್ರು. ತನ್ನ ಅಪ್ಪನ್ನ ಕೊಂದವರ ಗುಡಿಸಲ ಮುಂದೆ ಆ ಮಗು ಆಡ್ಕೊಂಡಿತ್ತು. ಇದನ್ನ ಬರೀ ಮತಾಂತರ ಅನ್ನೋ ಒಂದು ಪದದಲ್ಲಿ ಮುಗಿಸೋಕೆ ನನ್ನಿಂದ ಆಗಲ್ಲ.

ಯಾಕಂದ್ರೆ ಆ ಕಾಡಲ್ಲಿ ನಡೀತಿದ್ದ ಕೊಲೆ ಸಣ್ಣದಲ್ಲ. ಜೇಮ್ಸ್ ಯೋಸ್ಟ್ ಅನ್ನೋ ಮಾನವಶಾಸ್ತ್ರಜ್ಞ 1970ರ ದಶಕದಲ್ಲಿ ಅಲ್ಲಿದ್ದು ಒಂದೊಂದು ಮನೆತನದ ವಂಶಾವಳಿ ಕೇಳಿ ಬರೆದುಕೊಂಡಾಗ, ಐದು ತಲೆಮಾರಿನ ಸಾವುಗಳಲ್ಲಿ, ಹೊರಗಿನವರ ಗುಂಡಿಗೆ ಬಲಿಯಾದವರೂ ಸೇರಿ, ಅರ್ಧಕ್ಕಿಂತ ಹೆಚ್ಚು ಹಿಂಸೆಯಿಂದಲೇ ಆಗಿದ್ವು. ಅಪ್ಪನ ಸೇಡಿಗೆ ಮಗ, ಮಗನ ಸೇಡಿಗೆ ಅವನ ತಮ್ಮ, ಹಿಂಗೇ. ಬಿಡಬೇಕು ಅಂತ ಎಷ್ಟೋ ಜನಕ್ಕೆ ಅನಿಸಿದ್ರೂ ಮೊದಲು ಈಟಿ ಕೆಳಗಿಡೋನು ಸಾಯ್ತಾನಲ್ಲ ಅನ್ನೋ ಭಯ. ಗಂಡನ್ನ, ತಮ್ಮನ್ನ ಕಳ್ಕೊಂಡ ಹೆಂಗಸರು ಸೇಡು ಬೇಡ ಅಂತ ಬಂದು ಪಕ್ಕದಲ್ಲೇ ಕೂತಾಗ ಅವರಿಗೆ ನಿಲ್ಲಿಸೋಕೆ ಒಂದು ದಾರಿ ಸಿಕ್ತು, ನಿಲ್ಲಿಸಿದವರು ಮಾತ್ರ ವಾವೊರಾನಿಗಳೇ. ಕುರಾರೈ ದಂಡೆಲಿ ಈಟಿ ಹಿಡಿದಿದ್ದ ಗಿಕಿತಾ, ಮಿಂಕಾಯೆ ಎಲ್ಲ ಆಮೇಲೆ ಕ್ರೈಸ್ತರಾದ್ರು.

ಇಲ್ಲಿಂದ ಮುಂದೆ ನೀವು ಹೇಳೋದೇ ಸರಿ, ಮೇಡಂ. 1940ರ ದಶಕದಲ್ಲಿ ಶೆಲ್ ಕಂಪನಿ ಎಣ್ಣೆ ಹುಡುಕೋಕೆ ಬಂದು ಈಟಿ ದಾಳಿ ತಿಂದು, ಕೊನೆಗೆ ಜಾಗ ಖಾಲಿ ಮಾಡಿತ್ತು. ಮಿಷನರಿ ವಿಮಾನ ಹಾರ್ತಿದ್ದದ್ದು ಅವರೇ ಬಿಟ್ಟುಹೋದ ಏರ್‌ಸ್ಟ್ರಿಪ್‌ನಿಂದ, ಆ ಊರಿನ ಹೆಸರು ಇವತ್ತಿಗೂ ಶೆಲ್. 1967ರಲ್ಲಿ ಟೆಕ್ಸಾಕೊಗೆ ಉತ್ತರದ ಕಾಡಲ್ಲಿ ಎಣ್ಣೆ ಸಿಕ್ಕಿದ್ಮೇಲೆ ಕಂಪನಿಗೆ ಖಾಲಿ ನೆಲ ಬೇಕಾಯ್ತು, ರೇಚಲ್‌ಗೆ ದೂರದ ಗುಂಪುಗಳನ್ನ ತಿವೇನೊ ಅನ್ನೋ ಒಂದೇ ನೆಲೆಗೆ ಕರೆಸ್ಕೋಬೇಕಿತ್ತು. ಇಬ್ಬರ ಕೆಲಸಾನೂ ಒಟ್ಟಿಗೇ ಆಗೋಯ್ತು. ದೂರದೂರ ಮನೆ ಮಾಡ್ಕೊಂಡು, ಮರಗೆಣಸಿನ ತೋಟ ಸೋತಾಗ, ಕೋತಿ ಬೇಟೆ ಕಮ್ಮಿ ಆದಾಗ ಜಾಗ ಬದಲಾಯಿಸ್ತಿದ್ದ ಜನ ಅವರು, ನೂರಾರು ಮಂದಿ ಒಂದೇ ಕಡೆ ಅಂದ್ರೆ ಏನಾಗುತ್ತೆ? ಸುತ್ತಮುತ್ತ ಬೇಟೆ ಮುಗೀತು. 1969ರಲ್ಲಿ ಪೋಲಿಯೊ ಬಂತು, 16 ಜನ ಸತ್ರು, ಇನ್ನೆಷ್ಟೋ ಜನರ ಕಾಲು ಹೋಯ್ತು. ರೇಚಲ್ ಇದ್ದ ಸಂಸ್ಥೆಯೇ ಕಳಿಸಿದ್ದ ಯೋಸ್ಟ್, ಜನ ಆಕೆ ಮೇಲೇ ಪೂರ್ತಿ ಅವಲಂಬಿಸಿದ್ದಾರೆ ಅಂತ ಬರೆದ್ರು, ಸಂಸ್ಥೆ ಆಕೆಯನ್ನ ವಾಪಸ್ ಬನ್ನಿ ಅಂತು. ಆಕೆ ಸಂಸ್ಥೆ ಬಿಟ್ಟು ಮತ್ತೆ ಆ ಜನರ ಹತ್ರಾನೇ ಹೋಗಿ, 1994ರಲ್ಲಿ ಸಾಯೋವರೆಗೂ ಅವರ ಜೊತೆಗೇ ಇದ್ರು. ಆ ಪ್ರೀತಿ ಸುಳ್ಳಲ್ಲ. ಆದ್ರೂ ತಿವೇನೊದಲ್ಲಿ ಕೂಡಿಹಾಕಿದ್ದು ತಪ್ಪು, ಪ್ರೀತಿ ಇತ್ತು ಅಂತ ತಪ್ಪು ಕಮ್ಮಿ ಆಗಲ್ಲ.

ವಾವೊರಾನಿಗಳು ಏನೂ ಗೊತ್ತಿಲ್ಲದ ಅಮಾಯಕರು, ಯಾರೋ ಬಂದು ಹಾಳು ಮಾಡಿದ್ರು ಅಂತ ಮಾತ್ರ ಅನ್ಕೋಬೇಡಿ. 2019ರಲ್ಲಿ ನೆಮೊಂಟೆ ನೆಂಕಿಮೊ ಮುಂದಾಳತ್ವದಲ್ಲಿ ಪಾಸ್ತಾಸಾ ಪ್ರಾಂತ್ಯದ ವಾವೊರಾನಿಗಳೇ ಸರ್ಕಾರದ ಮೇಲೆ ಕೇಸ್ ಗೆದ್ದು ಸುಮಾರು ಎರಡು ಲಕ್ಷ ಹೆಕ್ಟೇರ್ ಕಾಡನ್ನ ಎಣ್ಣೆ ತೆಗೆಯೋ ಹಕ್ಕಿನ ಹರಾಜಿಂದ ಬಿಡಿಸ್ಕೊಂಡ್ರು.

ನಿಮ್ಮ ಕೊನೇ ಪ್ರಶ್ನೆಗೆ ನನ್ನ ಉತ್ತರ, ಹೋಗಬಾರದು. ತಗಾಯೆರಿ ಅನ್ನೋ ಗುಂಪು ತಿವೇನೊಗೆ ಬರಲ್ಲ ಅಂತ ಕಾಡಿನ ಒಳಗೇ ಉಳೀತು. 1987ರ ಜುಲೈನಲ್ಲಿ ಬಿಷಪ್ ಅಲೆಹಾಂಡ್ರೊ ಲಬಾಕ, ಸಿಸ್ಟರ್ ಇನೆಸ್ ಅರಾಂಗೊ ಹೆಲಿಕಾಪ್ಟರ್‌ನಿಂದ ಅವರ ಮನೆ ಹತ್ರ ಇಳಿದ್ರು. ಎಣ್ಣೆಯವರು ನುಗ್ಗಿ ರಕ್ತಪಾತ ಆಗೋಕೆ ಮುಂಚೆ ತಾವು ಹೋಗಿ ಆ ಜನರನ್ನ ಉಳಿಸಬೇಕು ಅನ್ನೋದೇ ಅವರ ಉದ್ದೇಶ. ಇಬ್ಬರನ್ನೂ ಈಟಿಯಿಂದ ಕೊಂದ್ರು. ಅಷ್ಟು ಒಳ್ಳೇ ಮನಸ್ಸಿನವರಿಗೂ ಬೇಡ ಅಂದವರು ಅವರು, ಜೊತೆಗೆ ನಮ್ಮ ಒಂದು ನೆಗಡಿ ಸಾಕು ಅಲ್ಲಿ ಸಾವಾಗೋಕೆ. ಔಷಧಿ ಬೇಕು ಅನಿಸಿದ ದಿನ ಅವರೇ ಹೊರಗೆ ಬರಲಿ, ಅಲ್ಲೀವರೆಗೆ ಸರ್ಕಾರ ಮಾಡಬೇಕಾದ ಕೆಲಸ ಮರಗಳ್ಳರನ್ನೂ ಎಣ್ಣೆ ಬಾವಿಗಳನ್ನೂ ಅವರ ಗಡಿಯಿಂದ ಆಚೆ ಇಡೋದು.

-ಸಂ.